ಹುಡುಗನಿಗೆ ಹತ್ತೊಂಬತ್ತು ಎಂದು ಬರೆಸಬೇಡಿ

ಕಾನೂನು ತಿಳಿವಳಿಕೆ ಪಾಠ: ಮದ್ಯದ ಕೇಸಿನಲ್ಲಿ ಸಿಕ್ಕಿಬಿದ್ದ ಹದಿಹರೆಯದವರ ಹಕ್ಕುಗಳು



ಹಿಂದೂಪುರ, ಕಲ್ಯಾಣದುರ್ಗ ಭಾಗದ ಭಕ್ತರು ಓದಿ ಹೇಳಿರೆಂದು ನಮ್ಮ ಕಚೇರಿಗೆ ತರುವ ಕಾಗದಪತ್ರಗಳಲ್ಲಿ ಪಟ್ಟಾ ಪಾಸ್‌ಬುಕ್ಕು, ಪಿಂಚಣಿ ಅರ್ಜಿ, ಶಾಲೆಯ ಟಿ.ಸಿ. ಇವೇ ಹೆಚ್ಚು. ಇವುಗಳ ನಡುವೆ ಆಗಾಗ್ಗೆ ಬರುವ ಇನ್ನೊಂದು ಕಾಗದವಿದೆ. ಅದು ತೆಲುಗಿನಲ್ಲಿ ಬರೆದ ಅಬಕಾರಿ ಕೇಸಿನ ಕಾಗದ. ಕೆಳಗೆ ಹುಡುಗನ ಸಹಿ, ವಯಸ್ಸಿನ ಜಾಗದಲ್ಲಿ 19. ಹುಡುಗ ಓದುವುದು ಇಂಟರ್ ಮೊದಲ ವರ್ಷ. ಲೆಕ್ಕ ಹಾಕಿದರೆ ಹದಿನಾರೋ ಹದಿನೇಳೋ ಆಗುತ್ತದೆ. ಹೀಗೇಕೆ ಎಂದರೆ ತಂದೆಯವರು ಹೇಳುವುದು ಒಂದೇ ಮಾತು: "ಹತ್ತೊಂಬತ್ತು ಅಂತ ಬರೆಸಿದ್ರೆ ಫೈನ್ ಕಟ್ಟಿ ಅವತ್ತೇ ಮುಗಿಸ್ಬಹುದು, ಇಲ್ಲದಿದ್ರೆ ಅನಂತಪುರಕ್ಕೆ ಅಲೀಬೇಕು ಅಂದ್ರು ಸ್ವಾಮಿ."

ಈ ಮಾತನ್ನು ಅವರಿಗೆ ಹೇಳುವವರು ಯಾರೇ ಇರಲಿ, ಅದನ್ನು ನಂಬಿ ನಡೆದರೆ ಹುಡುಗನಿಗೆ ಆಗುವ ನಷ್ಟವೇನು, ನಂಬದೆ ನಿಂತರೆ ಕಾನೂನು ಅವನಿಗೆ ಏನೇನು ಕೊಡುತ್ತದೆ ಎಂಬುದೇ ಈ ಸಂಚಿಕೆಯ ಪಾಠ. ನಾವು ವಕೀಲರಲ್ಲ, ವಾಣಿಜ್ಯ ಪದವಿ ಓದಿ ಲೆಕ್ಕಪತ್ರ ನೋಡುವವರು. ಆದ್ದರಿಂದ ಕಾಯಿದೆಯಲ್ಲಿ ಏನಿದೆಯೋ ಅಷ್ಟನ್ನೇ ಹೇಳುತ್ತೇವೆ. ಕೇಸು ನಡೆಸುವುದು ವಕೀಲರ ಕೆಲಸ.

ಗಡಿಯೂ ಮದ್ಯವೂ

ನಮ್ಮ ಭಾಗದಲ್ಲಿ ಈ ಕೇಸುಗಳು ಯಾಕೆ ಇಷ್ಟು ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಹಿಂದೂಪುರದಿಂದ ಗೌರಿಬಿದನೂರಿನ ಕಡೆಗೆ ಸ್ವಲ್ಪ ದೂರ ಹೋದರೆ ಕರ್ನಾಟಕ. ಮಡಕಶಿರಾದಿಂದ ಪಾವಗಡ, ಶಿರಾ ಕಡೆಗೆ ಹೋದರೂ ಅಷ್ಟೆ. ಕಲ್ಯಾಣದುರ್ಗದ ಕಡೆ ಕುಂದುರ್ಪಿ, ಶೆಟ್ಟೂರು ಮಂಡಲಗಳ ಹೊಲಗಳೇ ಗಡಿಗೆ ತಾಗಿವೆ. ಹೆಣ್ಣು ಕೊಡುವುದು ತರುವುದು, ಸಂತೆ, ಜಾತ್ರೆ ಎಲ್ಲವೂ ಎರಡೂ ಕಡೆ. ಎರಡು ಸರ್ಕಾರಗಳ ಅಬಕಾರಿ ಕಾನೂನು ಮಾತ್ರ ಬೇರೆ ಬೇರೆ.

ಹಿರಿಯರಿಗೆ ನೆನಪಿರಬಹುದು. 1994ರ ಚುನಾವಣೆಯಲ್ಲಿ ಹಿಂದೂಪುರದಿಂದಲೇ ಗೆದ್ದು ಮುಖ್ಯಮಂತ್ರಿಯಾದ ಎನ್.ಟಿ. ರಾಮರಾವ್ ಅವರು 1995ರ ಜನವರಿಯಲ್ಲಿ ಇಡೀ ಆಂಧ್ರಕ್ಕೆ ಪಾನನಿಷೇಧ ತಂದರು. 1997ರಲ್ಲಿ ಅದು ಹೋಯಿತು. ಆಮೇಲೆ 2019ರ ಅಕ್ಟೋಬರಿನಿಂದ ಅಂಗಡಿಗಳನ್ನು ಸರ್ಕಾರವೇ ವಹಿಸಿಕೊಂಡಿತು. 2020ರ ಮೇ ತಿಂಗಳಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ಸಲ ಸೇರಿ ಶೇಕಡ 75ರಷ್ಟು ದರ ಏರಿಸಿತು. ಗಡಿಯಾಚೆಯಿಂದ ಪೌಚು, ಕ್ವಾರ್ಟರು ಬರುವುದು ಆಗ ಭರಾಟೆಯಾಯಿತು. ಅದೇ ತಿಂಗಳು ಅದನ್ನು ಹಿಡಿಯಲೆಂದೇ ಸ್ಪೆಷಲ್ ಎನ್‌ಫೋರ್ಸ್‌ಮೆಂಟ್ ಬ್ಯೂರೋ ಎಂಬ ಪಡೆಯೂ ಹುಟ್ಟಿತು. 2024ರಲ್ಲಿ ಆ ಪಡೆ ರದ್ದಾಗಿ ಕೆಲಸ ಅಬಕಾರಿ ಇಲಾಖೆಗೆ ಮರಳಿತು, ಅಕ್ಟೋಬರಿನಿಂದ ಖಾಸಗಿ ಅಂಗಡಿಗಳೂ ತೆರೆದವು. ದರದ ತಕ್ಕಡಿ ಯಾವ ಕಡೆ ವಾಲಿದರೂ ಗಡಿ ಇರುವ ತನಕ ಸಾಗಣೆ ಇದ್ದೇ ಇರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಬಿಡೋಣ. "ಮೂರು ಬಾಟಲಿ ತನಕ ತರಬಹುದು" ಎಂಬ ಮಾತು ಹಳ್ಳಿಗಳಲ್ಲಿ ಇನ್ನೂ ಓಡಾಡುತ್ತಿದೆ. 2020ರ ಸೆಪ್ಟೆಂಬರಿನಲ್ಲಿ ಆಂಧ್ರಪ್ರದೇಶ ಉಚ್ಚ ನ್ಯಾಯಾಲಯ, ಆಗ ಇದ್ದ ಆದೇಶದಂತೆ ಹೊರರಾಜ್ಯದಿಂದ ಮೂರು ಬಾಟಲಿ ತರಲು ಅಡ್ಡಿಯಿಲ್ಲ ಎಂದದ್ದು ನಿಜ. ಆದರೆ ಮರು ತಿಂಗಳೇ ಸರ್ಕಾರ ನಿಯಮವನ್ನು ಬದಲಿಸಿ, ಪರವಾನಗಿ ಇಲ್ಲದೆ ತರುವಂತಿಲ್ಲ ಎಂದು ಮಾಡಿತು. ಆ ಹಳೆಯ ಮಾತನ್ನು ನಂಬಿ ಯಾರೂ ಚೀಲ ಕಟ್ಟಬಾರದು.

ಇನ್ನು ವಯಸ್ಸಿನ ಮಾತು. ಆಂಧ್ರದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಕರ್ನಾಟಕದಲ್ಲಿ ಅಬಕಾರಿ ಕಾಯಿದೆ 18 ಎನ್ನುತ್ತದೆ, ಲೈಸೆನ್ಸಿನ ನಿಯಮ 21 ಎನ್ನುತ್ತದೆ. 2023ರ ಜನವರಿಯಲ್ಲಿ ನಿಯಮವನ್ನೂ 18ಕ್ಕೆ ಇಳಿಸುವ ಕರಡು ಹೊರಟಿತ್ತು, ಜನರ ಆಕ್ಷೇಪಣೆ ಬಂದು ಹಿಂದೆ ಸರಿಯಿತು. ಈ ವಯಸ್ಸಿನ ನಿರ್ಬಂಧ ಮುಖ್ಯವಾಗಿ ಮಾರುವವನ ಮೇಲಿನದು. ಹುಡುಗನ ಮೇಲೆ ಬೀಳುವ ಕೇಸು ಸಾಮಾನ್ಯವಾಗಿ ಆಂಧ್ರಪ್ರದೇಶ ಅಬಕಾರಿ ಕಾಯಿದೆ, 1968ರ ಕಲಂ 34(ಎ). ಅಂದರೆ ಅಕ್ರಮವಾಗಿ ಮದ್ಯ ತಂದದ್ದು, ಸಾಗಿಸಿದ್ದು, ಇಟ್ಟುಕೊಂಡದ್ದು. ದೊಡ್ಡ ವ್ಯಾಪಾರಿಗೂ ಅದೇ ಕಲಂ, ಹದಿನಾರರ ಹುಡುಗನಿಗೂ ಅದೇ ಕಲಂ. ಹುಡುಗನನ್ನು ಬೇರೆ ದಾರಿಗೆ ಹಚ್ಚುವುದು ಅವನ ವಯಸ್ಸು ಒಂದೇ. ಆ ವಯಸ್ಸನ್ನೇ ನಾವು ಕೈಯಾರೆ ಸುಳ್ಳು ಬರೆಸಿದರೆ ದಾರಿ ಮುಚ್ಚಿದಂತೆಯೇ.

ಹದಿನೆಂಟರ ಗೆರೆ

ಹಿಂದೆ, 1986ರ ಕಾಯಿದೆಯಲ್ಲಿ, ಗಂಡುಹುಡುಗರಿಗೆ 16, ಹೆಣ್ಣುಮಕ್ಕಳಿಗೆ 18 ಎಂದಿತ್ತು. ಆ ಹದಿನಾರನ್ನೇ ಈಗಲೂ ಹಿಡಿದುಕೊಂಡಿರುವ ಹಿರಿಯರಿದ್ದಾರೆ. 2000ದ ಕಾಯಿದೆ ಇಬ್ಬರಿಗೂ 18 ಮಾಡಿತು. ಈಗ ಜಾರಿಯಲ್ಲಿರುವುದು ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯಿದೆ, 2015. ಅದು 2016ರ ಜನವರಿ 15ರಿಂದ ಜಾರಿಗೆ ಬಂತು. ಇದರ ಪ್ರಕಾರ 18 ತುಂಬದ ಯಾರೇ ಆಗಲಿ ಮಗುವೇ. ಲೆಕ್ಕಕ್ಕೆ ಬರುವುದು ಘಟನೆ ನಡೆದ ದಿನದ ವಯಸ್ಸು. ಆ ದಿನ ಹದಿನೇಳು ವರ್ಷ ಹನ್ನೊಂದು ತಿಂಗಳಾಗಿದ್ದರೆ, ವಿಚಾರಣೆಯ ನಡುವೆ ಹದಿನೆಂಟು ದಾಟಿದರೂ ಅವನು ಮಗುವೆಂದೇ ವಿಚಾರಣೆ ಮುಂದುವರಿಯುತ್ತದೆ.

ವಯಸ್ಸಿಗೆ ಪುರಾವೆ ಯಾವುದು? ಕಲಂ 94 ಕ್ರಮವಾಗಿ ಹೇಳುತ್ತದೆ. ಮೊದಲು ಶಾಲೆ ಕೊಟ್ಟ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಹತ್ತನೇ ತರಗತಿಯ ಬೋರ್ಡಿನ ಪ್ರಮಾಣಪತ್ರ. ಅದು ಇಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿ ಕೊಟ್ಟ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆಧಾರ್ ಕಾರ್ಡು ಈ ಸಾಲಿನಲ್ಲಿ ಇಲ್ಲ. ಅದು ಗುರುತಿನ ಚೀಟಿಯೇ ಹೊರತು ಜನ್ಮದಿನಾಂಕದ ಪುರಾವೆಯಲ್ಲ ಎಂದು 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ಅಪಘಾತ ಪರಿಹಾರದ ಪ್ರಕರಣದಲ್ಲಿ ಹೇಳಿತು. ಅಲ್ಲಿಯೂ ಶಾಲೆಯ ದಾಖಲೆಯನ್ನೇ ಎತ್ತಿಹಿಡಿಯಿತು. ಆದ್ದರಿಂದ ಆಧಾರಿನಲ್ಲಿ ತಪ್ಪಾಗಿ ಹೆಚ್ಚು ವಯಸ್ಸು ಬಿದ್ದಿದೆಯೆಂದು ಸುಮ್ಮನಾಗಬೇಡಿ.

ಗಡಿಭಾಗದವರಿಗೆ ಇಲ್ಲೊಂದು ಸಂಗತಿ ಮುಖ್ಯ. ಚೊಚ್ಚಲ ಹೆರಿಗೆ ತವರಿನಲ್ಲಿ. ತವರು ಪಾವಗಡ ತಾಲ್ಲೂಕಿನಲ್ಲೋ ಚಳ್ಳಕೆರೆ ಕಡೆಯೋ ಇದ್ದರೆ ಮಗುವಿನ ಜನನ ನೋಂದಣಿಯಾಗಿರುವುದು ಕರ್ನಾಟಕದಲ್ಲಿ. ಕಲ್ಯಾಣದುರ್ಗದಲ್ಲಿ ಎಷ್ಟು ಹುಡುಕಿಸಿದರೂ ಸಿಗುವುದಿಲ್ಲ. ಕೇಸು ಬಿದ್ದ ರಾತ್ರಿ ಇದನ್ನು ಹುಡುಕಿಕೊಂಡು ಹೋಗಲಾಗದು. ಮನೆಯಲ್ಲಿ ಮಕ್ಕಳ ಜನನ ಪತ್ರ, ಶಾಲೆಯ ಪತ್ರಗಳ ನಕಲುಗಳನ್ನು ಒಂದೇ ಕಡೆ ಇಟ್ಟಿರಬೇಕು. ಶಾಲೆಗೆ ಸೇರಿಸುವಾಗ ಎಲ್ಲ ಮಕ್ಕಳಿಗೂ ಜೂನ್ 1 ಎಂದು ಬರೆಸಿದ ಹಳೆಯ ಪದ್ಧತಿ ಹಲವರ ಮನೆಯಲ್ಲಿದೆ. ಅದು ಸರಿಯೋ ತಪ್ಪೋ, ಕಾಯಿದೆ ಮೊದಲು ನೋಡುವುದು ಶಾಲೆಯ ದಾಖಲೆಯನ್ನೇ.

ಕೆಲವರು ಮಠದಿಂದ ವಯಸ್ಸಿನ ಪತ್ರ ಕೇಳುತ್ತಾರೆ. ನಾವು ಕೊಡುವುದಿಲ್ಲ. ಕೊಟ್ಟರೂ ಅದಕ್ಕೆ ಬೆಲೆಯಿಲ್ಲ. ಹಾಗೆಯೇ ಹತ್ತೊಂಬತ್ತರ ಹುಡುಗನನ್ನು ಹದಿನೇಳು ಮಾಡಲು ಸುಳ್ಳು ಪತ್ರ ಸೃಷ್ಟಿಸುವುದು ಬೇರೊಂದು ಅಪರಾಧ, ಅದು ಮದ್ಯದ ಕೇಸಿಗಿಂತ ದೊಡ್ಡದು.

ಫೈನ್ ಕಟ್ಟಿ ಮುಗಿಸಿದರೆ ಏನಾಗುತ್ತದೆ

ಎರಡು ಖಾತೆ ತೆಗೆದು ನೋಡೋಣ. ಒಂದರಲ್ಲಿ ಹುಡುಗ ಹತ್ತೊಂಬತ್ತು ಎಂದು ಒಪ್ಪಿಕೊಂಡು, ದೊಡ್ಡವರ ಕೋರ್ಟಿನಲ್ಲಿ ತಪ್ಪೊಪ್ಪಿಗೆ ಕೊಟ್ಟು ದಂಡ ಕಟ್ಟಿದ. ಅಲ್ಲಿಗೆ ಅವನು ಶಿಕ್ಷೆಯಾದ ವ್ಯಕ್ತಿ. ನಾಳೆ ಪೊಲೀಸ್ ಕೆಲಸಕ್ಕೋ ಸೈನ್ಯಕ್ಕೋ ಅರ್ಜಿ ಹಾಕಿದರೆ, ಪಾಸ್‌ಪೋರ್ಟಿಗೆ ಹೋದರೆ, "ನಿಮ್ಮ ಮೇಲೆ ಎಂದಾದರೂ ಕೇಸು ಇತ್ತೇ, ಶಿಕ್ಷೆಯಾಗಿತ್ತೇ" ಎಂಬ ಕಾಲಂ ಅವನಿಗಾಗಿ ಕಾದಿರುತ್ತದೆ. ಇನ್ನೊಮ್ಮೆ ಸಿಕ್ಕರೆ ಎರಡನೆಯ ಅಪರಾಧವೆಂದು ಶಿಕ್ಷೆ ಏರಲೂಬಹುದು.

ಇನ್ನೊಂದು ಖಾತೆಯಲ್ಲಿ ಅದೇ ಹುಡುಗ ಮಗುವೆಂದು ಬಾಲ ನ್ಯಾಯ ಮಂಡಳಿಯ ಮುಂದೆ ಹೋದ. ತಪ್ಪು ಮಾಡಿದ್ದಾನೆಂದೇ ತೀರ್ಮಾನವಾಯಿತು ಎನ್ನೋಣ. ಕಲಂ 24ರ ಪ್ರಕಾರ ಆ ತೀರ್ಮಾನದಿಂದ ಅವನಿಗೆ ಯಾವ ಅನರ್ಹತೆಯೂ ಅಂಟುವುದಿಲ್ಲ. ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಗಳನ್ನು ನಾಶ ಮಾಡಬೇಕು. ಕಲಂ 74ರ ಪ್ರಕಾರ ಮುಗಿದ ಕೇಸಿನ ವಿವರವನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕೂ ಬಳಸುವಂತಿಲ್ಲ. ಈ ರಕ್ಷಣೆಗೆ ಒಂದು ಹೊರತಿದೆ. 16 ದಾಟಿದವನು ಘೋರ ಅಪರಾಧದಲ್ಲಿ ಸಿಕ್ಕಿ ಮಕ್ಕಳ ನ್ಯಾಯಾಲಯದಲ್ಲಿ ದೊಡ್ಡವನಂತೆ ವಿಚಾರಣೆಗೆ ಒಳಗಾದರೆ ಅದು ಸಿಗುವುದಿಲ್ಲ. ಘೋರ ಎಂದರೆ ಕನಿಷ್ಠ ಶಿಕ್ಷೆಯೇ ಏಳು ವರ್ಷವಿರುವ ಅಪರಾಧ.

ಅನಂತಪುರಕ್ಕೆ ನಾಲ್ಕು ಸಲ ಓಡಾಡಿದ ಬಸ್ ಛಾರ್ಜು ಒಂದು ಕಡೆ, ಹುಡುಗನ ಇಡೀ ಆಯುಷ್ಯ ಇನ್ನೊಂದು ಕಡೆ. ಯಾವುದು ದುಬಾರಿ ಎಂದು ನೀವೇ ಕೂಡಿ ಕಳೆದು ನೋಡಿ.

ಈಗಾಗಲೇ ಹಾಗೆ ಬರೆಸಿ ದಂಡ ಕಟ್ಟಿಬಿಟ್ಟವರು ಏನು ಮಾಡಬೇಕು? ಕಲಂ 9ರಲ್ಲಿ ಅದಕ್ಕೂ ಉತ್ತರವಿದೆ. ಘಟನೆಯ ದಿನ ತಾನು ಮಗುವಾಗಿದ್ದೆ ಎಂಬ ಕೋರಿಕೆಯನ್ನು ಯಾವ ನ್ಯಾಯಾಲಯದಲ್ಲಾದರೂ, ಯಾವ ಹಂತದಲ್ಲಾದರೂ ಎತ್ತಬಹುದು. ಕೇಸು ಮುಗಿದ ಮೇಲೂ ಎತ್ತಬಹುದು. ಶಾಲೆಯ ಪತ್ರ ಹಿಡಿದು ವಕೀಲರನ್ನು ಕಾಣಿರಿ.

ಮೊದಲ ರಾತ್ರಿ

ಬಹಳಷ್ಟು ಹಾಳಾಗುವುದು ಮೊದಲ ರಾತ್ರಿಯೇ. ಹುಡುಗ ಬೆದರಿರುತ್ತಾನೆ, ತಾಯಿ ಅಳುತ್ತಿರುತ್ತಾಳೆ, ಊರಿನ ಯಾರೋ ದೊಡ್ಡವರು "ನಾನು ಮಾತಾಡ್ತೀನಿ ಬಿಡಪ್ಪ" ಎಂದು ಮುಂದೆ ನಿಂತಿರುತ್ತಾರೆ. ಆಗ ನೆನಪಿಡಬೇಕಾದ್ದು ಇಷ್ಟು.

ಮಗುವನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಜೈಲಿಗೆ ಕಳಿಸುವಂತಿಲ್ಲ. ಕಲಂ 10 ಇದನ್ನು ಯಾವ ವಿನಾಯಿತಿಯೂ ಇಲ್ಲದೆ ಹೇಳುತ್ತದೆ. ಹಿಡಿದ ಕೂಡಲೇ ಮಕ್ಕಳ ವಿಶೇಷ ಪೊಲೀಸ್ ಘಟಕಕ್ಕೆ ಅಥವಾ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೆ ಒಪ್ಪಿಸಬೇಕು. ಹಿಡಿದದ್ದು ಅಬಕಾರಿಯವರಾದರೂ ಮಗು ಮಗುವೇ. ಪ್ರಯಾಣದ ಹೊತ್ತನ್ನು ಬಿಟ್ಟು 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ತಂದೆತಾಯಿಗೆ ತಿಳಿಸುವುದು ಕಲಂ 13ರಂತೆ ಅವರ ಕರ್ತವ್ಯ, ಉಪಕಾರವಲ್ಲ.

ಕೇಂದ್ರ ಸರ್ಕಾರದ 2016ರ ಮಾದರಿ ನಿಯಮಗಳಲ್ಲಿ ಎಂಟನೆಯ ನಿಯಮವನ್ನು ಓದಿದರೆ ಅನೇಕರಿಗೆ ಆಶ್ಚರ್ಯವಾದೀತು. ಮಗುವಿಗೆ ಕೈಕೋಳ, ಸರಪಳಿ ಹಾಕಬಾರದು. ಬಲವಂತ ಮಾಡಬಾರದು. ಯಾವ ಹೇಳಿಕೆಗೂ ಮಗುವಿನ ಸಹಿ ಕೇಳಬಾರದು. ಘೋರ ಅಪರಾಧವಾಗಿದ್ದರೆ, ಇಲ್ಲವೇ ದೊಡ್ಡವರ ಜೊತೆಗೂಡಿ ಮಾಡಿದ್ದೆಂಬ ಆರೋಪವಿದ್ದರೆ ಮಾತ್ರ ಎಫ್.ಐ.ಆರ್. ಉಳಿದ ಪ್ರಕರಣಗಳಲ್ಲಿ ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಮಗುವಿನ ಮನೆತನ, ಓದು, ಪರಿಸ್ಥಿತಿಯ ವರದಿಯೊಂದಿಗೆ ಮಂಡಳಿಗೆ ಕಳಿಸಬೇಕು. ಹಿಡಿದಿಟ್ಟುಕೊಳ್ಳುವುದು ಕೂಡ ಸಾಮಾನ್ಯವಾಗಿ ಘೋರ ಅಪರಾಧಕ್ಕೇ ಮೀಸಲು. ಇದನ್ನು ತಿಳಿದವರು ಮರ್ಯಾದೆಯಿಂದ, ಗಟ್ಟಿಯಾಗಿ ಕೇಳಬೇಕು: "ಸಾರ್, ಹುಡುಗನಿಗೆ ಹದಿನೇಳು. ಇದು ಅವನ ಶಾಲೆ ಸರ್ಟಿಫಿಕೇಟು. ಮಕ್ಕಳ ಕಲ್ಯಾಣ ಅಧಿಕಾರಿ ಯಾರು, ಅವರ ಹತ್ತಿರ ಮಾತಾಡ್ತೀವಿ." ಕೂಗಾಟ ಬೇಡ. ಹಣದ ಮಾತಂತೂ ಬೇಡವೇ ಬೇಡ.

ಭಾಷೆಯ ವಿಷಯ ನಮ್ಮವರಿಗೆ ಪ್ರತ್ಯೇಕವಾಗಿ ಹೇಳಬೇಕು. ಇಲ್ಲೇ ಓದಿದ ಹುಡುಗರಿಗೆ ತೆಲುಗು ಬರುತ್ತದೆ, ತಂದೆತಾಯಿಗೆ ಮಾತು ಬಂದರೂ ಓದು ಬಾರದು. ಪಾವಗಡದ ಹಾಸ್ಟೆಲಿನಲ್ಲಿ ಓದಿ ರಜೆಗೆ ಬಂದ ಹುಡುಗನಿಗೆ ಅದೂ ಬಾರದು. ಓದಲಾರದ ಕಾಗದಕ್ಕೆ ತಂದೆತಾಯಿ ಸಹಿ ಹಾಕಬಾರದು. ಓದಿಸಿ ಹೇಳಿಸಿ, ವಯಸ್ಸಿನ ಕಾಲಂ ನೋಡಿ, ಎಷ್ಟು ಪೌಚು ಎಂದು ಬರೆದಿದೆ ನೋಡಿ, ಆಮೇಲೆ ಹಾಕಬೇಕು. ಮಂಡಳಿಯ ಮುಂದೆ ನಡೆಯುವ ಭಾಷೆ ಮಗುವಿಗೆ ತಿಳಿಯದಿದ್ದರೆ ದುಭಾಷಿಯನ್ನು ಒದಗಿಸುವುದು ಮಂಡಳಿಯ ಹೊಣೆ ಎಂದು ಕಲಂ 8ರಲ್ಲಿದೆ. ಕನ್ನಡದ ಮಗು ಅದನ್ನು ಕೇಳಿ ಪಡೆಯಬಹುದು.

ಜಾಮೀನು ಮತ್ತು ಮಂಡಳಿ

ದೊಡ್ಡವರಿಗೆ ಜಾಮೀನು ಸಿಗದ ಕಲಂ ಆದರೂ ಮಗುವಿಗೆ ಜಾಮೀನೇ ನಿಯಮ. ಕಲಂ 12 ಇದನ್ನು ಬಿಡಿಸಿ ಹೇಳಿದೆ. ಶೂರಿಟಿ ಇದ್ದೋ ಇಲ್ಲದೆಯೋ ಬಿಡಬಹುದು. ನಿರಾಕರಿಸಲು ಕಾರಣಗಳು ಮೂರೇ: ಬಿಟ್ಟರೆ ಹೆಸರಾದ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ ಎಂಬುದು, ಅವನಿಗೇ ಅಪಾಯವಿದೆ ಎಂಬುದು, ನ್ಯಾಯಕ್ಕೆ ಅಡ್ಡಿಯಾಗುತ್ತದೆ ಎಂಬುದು. ಕಾರಣವನ್ನು ಬರೆದು ದಾಖಲಿಸಬೇಕು. ಬಿಡದಿದ್ದರೆ ಇಡಬೇಕಾದ್ದು ವೀಕ್ಷಣಾಲಯದಲ್ಲಿ. ಜಾಮೀನಿನ ಷರತ್ತು ಪೂರೈಸಲಾಗದೆ ಏಳು ದಿನ ಕಳೆದರೆ, ಷರತ್ತು ಸಡಿಲಿಸಲೆಂದು ಮಗುವನ್ನು ಮತ್ತೆ ಮಂಡಳಿಯ ಮುಂದೆ ತರಬೇಕು.

ಮೊದಲ ಕಾರಣವನ್ನು ಇನ್ನೊಮ್ಮೆ ಓದಿರಿ. ಪೌಚು ತರಲು ಕಳಿಸಿದವನು ಚಿಕ್ಕಪ್ಪನೇ ಆಗಿದ್ದು, ಅವನ ಮೇಲೆ ಹಳೆಯ ಅಬಕಾರಿ ಕೇಸುಗಳಿದ್ದು, ಹುಡುಗನನ್ನು ಕರೆದುಕೊಂಡು ಹೋಗಲು ಅವನೇ ಬಂದರೆ, ಮಂಡಳಿ "ಈ ಮನೆಗೆ ಕಳಿಸುವುದು ಹೇಗೆ" ಎಂದು ಯೋಚಿಸುತ್ತದೆ. ಅದು ಸರಿಯೂ ಹೌದು. ತಾಯಿ ಹೋಗಲಿ, ಅಜ್ಜ ಹೋಗಲಿ, ವ್ಯಾಪಾರದಲ್ಲಿ ಕೈಯಿಲ್ಲದವರು ಹೋಗಲಿ.

ಮಂಡಳಿಯನ್ನು ಕೋರ್ಟೆಂದು ಹೆದರುವವರು ಬಹಳ. ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಸೇವಕರು, ಅವರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಇಷ್ಟೇ ಮಂಡಳಿ. ವಿಚಾರಣೆ ಶುರು ಮಾಡುವಾಗಲೇ, ಮಗುವಿಗೆ ಪೊಲೀಸರಾಗಲಿ ಬೇರೆ ಯಾರಾಗಲಿ ಹಿಂಸೆ ಕೊಟ್ಟಿಲ್ಲವೇ ಎಂದು ಅವರು ನೋಡಿಕೊಳ್ಳಬೇಕು. ಹೊಡೆದಿದ್ದರೆ ಅಲ್ಲಿ ಹೇಳಬೇಕು. ಮನೆಯಲ್ಲಿ ಹೇಳಿ ಅಲ್ಲಿ ಸುಮ್ಮನಿದ್ದರೆ ಪ್ರಯೋಜನವಿಲ್ಲ. ಪರಿವೀಕ್ಷಣಾಧಿಕಾರಿ ಮನೆಗೆ ಬಂದು ಓದು, ಸಹವಾಸ, ಮನೆಯ ಸ್ಥಿತಿ ವಿಚಾರಿಸುತ್ತಾರೆ. ಅವರನ್ನು ಬೇಹುಗಾರರಂತೆ ಕಾಣಬಾರದು, ಅವರ ವರದಿಯ ಮೇಲೆಯೇ ಆಜ್ಞೆ ನಿಂತಿರುತ್ತದೆ. ಹುಡುಗ ಕುಡಿಯುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ, ಅವರು ಆಪ್ತಸಲಹೆಗೆ ಕಳಿಸುತ್ತಾರೆ.

ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಹೆಚ್ಚೆಂದರೆ ಇನ್ನೆರಡು ತಿಂಗಳು. ಅಪರಾಧದ ಗರಿಷ್ಠ ಶಿಕ್ಷೆ ಮೂರು ವರ್ಷದೊಳಗಿದ್ದರೆ ಅದನ್ನು ಸಣ್ಣ ಅಪರಾಧ ಎನ್ನುತ್ತಾರೆ. ಅಂಥದ್ದು ಆ ಅವಧಿಯಲ್ಲಿ ಮುಗಿಯದಿದ್ದರೆ ಕೇಸು ತಾನೇ ಕೊನೆಗೊಳ್ಳುತ್ತದೆ. ಅಬಕಾರಿ ಕಾಯಿದೆಯ ಶಿಕ್ಷೆಗಳು ತಿದ್ದುಪಡಿಯಿಂದ ತಿದ್ದುಪಡಿಗೆ ಬದಲಾಗಿವೆ. ಆದ್ದರಿಂದ ಘಟನೆಯ ದಿನ ಜಾರಿಯಲ್ಲಿದ್ದ ಕಲಮಿನ ಪ್ರಕಾರ ನಿಮ್ಮ ಕೇಸು ಯಾವ ವರ್ಗಕ್ಕೆ ಬರುತ್ತದೆಂದು ವಕೀಲರನ್ನು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.

ತಪ್ಪು ಸಾಬೀತಾದರೂ ಆಜ್ಞೆ ಏನಿರಬಹುದು? ಬುದ್ಧಿ ಹೇಳಿ ಮನೆಗೆ ಕಳಿಸುವುದು, ಗುಂಪು ಸಲಹೆ, ಸಮುದಾಯ ಸೇವೆ, ದಂಡ, ಒಳ್ಳೆಯ ನಡತೆಯ ಮುಚ್ಚಳಿಕೆಯ ಮೇಲೆ ತಂದೆತಾಯಿಗೆ ಒಪ್ಪಿಸುವುದು. ಕೊನೆಯದಾಗಿ ವಿಶೇಷ ಗೃಹ, ಅದೂ ಮೂರು ವರ್ಷಕ್ಕೆ ಮೀರದಂತೆ. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ.

ಗೌರಿಬಿದನೂರಿನ ಕಡೆ ಸಿಕ್ಕಿಬಿದ್ದ ಹಿಂದೂಪುರದ ಹುಡುಗನಿಗೂ ಇದೇ ಕಾಯಿದೆ, ಇದು ಕೇಂದ್ರದ್ದು. ಮಗುವಿನ ಹಿತಕ್ಕೆ ಬೇಕೆನಿಸಿದರೆ ಅವನನ್ನು ಅವನ ಸ್ವಂತ ಜಿಲ್ಲೆಯ ಮಂಡಳಿಗೆ ವರ್ಗಾಯಿಸಲು ಕಲಂ 95ರಲ್ಲಿ ಅವಕಾಶವಿದೆ.

ಕಳಿಸಿದವರು ಯಾರು

ಈಗ ಕಷ್ಟದ ಮಾತಿಗೆ ಬರೋಣ. ಹದಿನಾರರ ಹುಡುಗ ಐವತ್ತು ಪೌಚು ತನಗಾಗಿ ತರುವುದಿಲ್ಲ. ಯಾರೋ ಗಾಡಿ ಕೊಟ್ಟಿರುತ್ತಾರೆ, ಯಾರೋ ಹಣ ಕೊಟ್ಟಿರುತ್ತಾರೆ. "ಹುಡುಗರನ್ನು ಚೆಕ್‌ಪೋಸ್ಟಿನಲ್ಲಿ ಹೆಚ್ಚು ತಡೆಯೋದಿಲ್ಲ, ಹಿಡಿದರೂ ಬಿಟ್ಟುಬಿಡ್ತಾರೆ" ಎಂಬ ಲೆಕ್ಕಾಚಾರ ಅವರದು. ಈ ಲೆಕ್ಕ ಹಾಕಿದವರು ಕಲಂ 78 ಓದಿಲ್ಲ. ಮದ್ಯ ಮಾರಲು, ಹೊರಲು, ಸಾಗಿಸಲು ಮಗುವನ್ನು ಬಳಸಿದವರಿಗೆ ಏಳು ವರ್ಷದವರೆಗೆ ಕಠಿಣ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಕಲಂ 77ರಲ್ಲಿ, ವೈದ್ಯರ ಸಲಹೆಯಿಲ್ಲದೆ ಮಗುವಿಗೆ ಮದ್ಯ ಕೊಟ್ಟವರಿಗೂ ಅಷ್ಟೇ ಶಿಕ್ಷೆ. ಮದುವೆಯ ಹಿಂದಿನ ರಾತ್ರಿ "ಒಂದು ಗುಟುಕು ಹಾಕೋ, ಗಂಡಸಾಗು" ಎಂದು ಅಕ್ಕನ ಮಗನ ಕೈಗೆ ಲೋಟ ಕೊಡುವ ಸೋದರಮಾವಂದಿರು ಇದನ್ನು ತಿಳಿದಿರಲಿ. ಸುಮ್ಮನೆ ಪೇಟೆಗೆ ಹೋಗುವ ಹುಡುಗನ ಕೈಗೆ ದುಡ್ಡು ಕೊಟ್ಟು "ನನಗೊಂದು ಕ್ವಾರ್ಟರ್ ತಾರೋ" ಎನ್ನುವ ಮನೆಯ ಯಜಮಾನರೂ ತಿಳಿದಿರಲಿ.

ಕಳಿಸಿದವರ ಹೆಸರು ಹೇಳಬಾರದೆಂದು ಹುಡುಗನಿಗೆ ಆಣೆ ಹಾಕಿಸುವ ಮನೆಗಳಿವೆ. ಸಂಬಂಧಿಕರಲ್ಲಿ ವಿರಸ ಬೇಡವೆಂಬ ಭಾವನೆ ನಮಗೆ ಅರ್ಥವಾಗುತ್ತದೆ. ಆದರೆ ಹೆಸರು ಮುಚ್ಚಿದರೆ ಮಾಲು ಇಡಿಯಾಗಿ ಹುಡುಗನದೇ ಆಗುತ್ತದೆ. ಹೆಸರು ಹೇಳಿದರೆ ಅವನು ದೊಡ್ಡವರು ಬಳಸಿಕೊಂಡ ಮಗು. ಮಂಡಳಿ ಎರಡನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ. ಏನು ಹೇಳಬೇಕೆಂಬುದನ್ನು ಮಗುವಿನ ವಕೀಲರು ತೀರ್ಮಾನಿಸಲಿ, ಕಳಿಸಿದವರು ಗೊತ್ತುಮಾಡಿಕೊಟ್ಟ ವಕೀಲರಲ್ಲ. ದೊಡ್ಡವರ ಜೊತೆ ಒಟ್ಟಿಗೆ ಸಿಕ್ಕಿಬಿದ್ದಿದ್ದರೂ ಮಗುವಿನ ವಿಚಾರಣೆ ಬೇರೆಯಾಗಿಯೇ ನಡೆಯಬೇಕು ಎಂದು ಕಲಂ 23 ಹೇಳುತ್ತದೆ.

ಗಾಡಿಯ ವಿಷಯ ಚಿಕ್ಕದಾಗಿ. ಮಾಲು ಸಾಗಿಸಿದ ಗಾಡಿ ಮುಟ್ಟುಗೋಲಾಗಬಹುದು. ಅಪ್ರಾಪ್ತನಿಗೆ ಗಾಡಿ ಕೊಟ್ಟದ್ದಕ್ಕೆ 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯಿದೆಯಲ್ಲಿ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ ಇದೆ. ಗಾಡಿ ಬಿಡಿಸಿಕೊಳ್ಳುವ ಆತುರದಲ್ಲಿ ತಂದೆಯವರು "ನನಗೆ ಗೊತ್ತಿಲ್ಲದೆ ಇವನೇ ತೆಗೆದುಕೊಂಡು ಹೋಗಿದ್ದು" ಎಂದು ಬರೆದುಕೊಡುವುದುಂಟು. ಆ ಒಂದು ಸಾಲು ಮಗನ ಮೇಲೆ ಸಾಕ್ಷಿಯಾಗುತ್ತದೆ. ಮೊದಲು ಮಗು, ಆಮೇಲೆ ಗಾಡಿ.

ಫೋಟೋ ಮತ್ತು ಪತ್ರಿಕೆ

ಹಿಡಿದ ಪೌಚುಗಳನ್ನು ಮೇಜಿನ ಮೇಲೆ ಜೋಡಿಸಿ, ಹಿಂದೆ ಆರೋಪಿಗಳನ್ನು ನಿಲ್ಲಿಸಿ ಫೋಟೋ ತೆಗೆದು ಪತ್ರಿಕೆಗೆ ಕೊಡುವ ರೂಢಿಯಿದೆ. ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ, ಗುರುತು ಹತ್ತುವ ಯಾವುದನ್ನೂ ಪ್ರಕಟಿಸುವಂತಿಲ್ಲ. ಕಲಂ 74ರಂತೆ ಆರು ತಿಂಗಳವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಊರಿನ ವಾಟ್ಸಾಪ್ ಗುಂಪಿನಲ್ಲಿ ಅದನ್ನು ಹಂಚುವ ನಮ್ಮವರೂ ಈ ಮಾತನ್ನು ಗಮನಿಸಬೇಕು.

ಹದಿನೆಂಟು ದಾಟಿ ಇಪ್ಪತ್ತೊಂದು ತುಂಬದವರು

ಇವರದು ನಡುಮನೆಯ ಸ್ಥಿತಿ. ಮದ್ಯ ಕೊಳ್ಳುವ ವಯಸ್ಸಾಗಿಲ್ಲ, ಬಾಲ ನ್ಯಾಯ ಕಾಯಿದೆಯ ಆಸರೆಯೂ ಇಲ್ಲ. ದೊಡ್ಡವರಂತೆಯೇ ಕೇಸು ನಡೆಯುತ್ತದೆ. ಬಂಧನದ ಕಾರಣ ತಿಳಿಯುವ, ಮನೆಯವರಿಗೆ ಸುದ್ದಿ ಮುಟ್ಟಿಸುವ, ವಕೀಲರನ್ನು ಕಾಣುವ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವ ಹಕ್ಕುಗಳು ಎಲ್ಲರಿಗೂ ಇರುವಂತೆ ಇವರಿಗೂ ಇವೆ. ಹೆಚ್ಚಿಗೆ ಒಂದಿದೆ, ಅದನ್ನು ಕೇಳುವವರೇ ಕಡಿಮೆ. ಅಪರಾಧಿಗಳ ಪರಿವೀಕ್ಷಣಾ ಕಾಯಿದೆ, 1958ರ ಕಲಂ 6. 21ರೊಳಗಿನವರಿಗೆ, ಅಪರಾಧ ಜೀವಾವಧಿ ಶಿಕ್ಷೆಯದಲ್ಲದಿದ್ದರೆ, ಜೈಲು ವಿಧಿಸುವ ಮೊದಲು ನ್ಯಾಯಾಲಯ ಪರಿವೀಕ್ಷಣಾಧಿಕಾರಿಯ ವರದಿ ತರಿಸಿ, ಬೇರೆ ದಾರಿ ಇಲ್ಲವೆಂದು ಕಾರಣ ಬರೆಯಬೇಕು. ಬುದ್ಧಿ ಹೇಳಿ ಅಥವಾ ಮುಚ್ಚಳಿಕೆಯ ಮೇಲೆ ಬಿಟ್ಟರೆ, ಅದೇ ಕಾಯಿದೆಯ ಕಲಂ 12ರಂತೆ ಆ ಶಿಕ್ಷೆಯಿಂದ ಬರುವ ಅನರ್ಹತೆ ತಟ್ಟುವುದಿಲ್ಲ. ತಪ್ಪೊಪ್ಪಿಕೊಂಡು ದಂಡ ಕಟ್ಟುವ ಮೊದಲು ವಕೀಲರಿಗೆ ಈ ಎರಡು ಕಲಮುಗಳನ್ನು ನೆನಪಿಸಿರಿ.

ಎಲ್ಲಿಗೆ ಹೋಗಬೇಕು

ವಕೀಲರಿಗೆ ಹಣವಿಲ್ಲ ಎಂಬುದು ಮಗುವಿನ ಕೇಸಿನಲ್ಲಿ ಕಾರಣವೇ ಆಗುವುದಿಲ್ಲ. ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆ, 1987ರ ಕಲಂ 12ರಂತೆ ಮಗುವಿಗೆ, ಮನೆಯ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಹಿಂದೂಪುರ, ಕಲ್ಯಾಣದುರ್ಗ ಎರಡರಲ್ಲೂ ಕೋರ್ಟಿನ ಆವರಣದಲ್ಲಿ ಮಂಡಲ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ, ಬಿಳಿ ಹಾಳೆಯ ಮೇಲೆ ಅರ್ಜಿ ಬರೆದುಕೊಟ್ಟರೆ ಸಾಕು. ರಾತ್ರಿಯ ಹೊತ್ತಾದರೆ 15100ಕ್ಕೆ ಫೋನ್ ಮಾಡಬಹುದು, ಅದು ಕಾನೂನು ನೆರವಿನ ಸಂಖ್ಯೆ. ಮಗುವಿಗೆ ಹೊಡೆತ ಬೀಳುತ್ತಿದೆ, ಲಾಕಪ್ಪಿನಲ್ಲಿ ಇಟ್ಟಿದ್ದಾರೆ ಎಂಬಂಥ ಸ್ಥಿತಿಯಲ್ಲಿ 1098, ಮಕ್ಕಳ ಸಹಾಯವಾಣಿ.

ಮಠದ ಕಚೇರಿಗೆ ಬರುವವರು ಹುಡುಗನ ಶಾಲೆಯ ಪತ್ರ, ಜನನ ಪತ್ರ, ಠಾಣೆಯವರು ಕೊಟ್ಟ ಕಾಗದ ಎಲ್ಲದರ ನಕಲು ತರಬೇಕು. ಅರ್ಜಿಯನ್ನು ಕನ್ನಡದಲ್ಲಿ ಹೇಳಿದರೆ ತೆಲುಗಿನಲ್ಲಿ ಬರೆಸಿಕೊಡುವ ವ್ಯವಸ್ಥೆ ಮಾಡುತ್ತೇವೆ. ಹುಡುಗನನ್ನೂ ಜೊತೆಗೆ ಕರೆತನ್ನಿ. ನಡೆದದ್ದೇನೆಂದು ಅವನ ಬಾಯಿಂದಲೇ ಕೇಳಿ ಬರೆದುಕೊಳ್ಳುತ್ತೇವೆ.